ನೆಲ ಪಾಲಿಕೆಯದು, ತೀರ್ಮಾನ ಯಾರದು?



ಸಂವಿಧಾನದ 74ನೇ ತಿದ್ದುಪಡಿಯನ್ನು ನಾವು ಹೆಚ್ಚಾಗಿ ಅಂಕಗಳಿಗಾಗಿಯೇ ಓದುತ್ತೇವೆ: 1993ರ ಜೂನ್ 1ರಿಂದ ಜಾರಿ, 12ನೇ ಅನುಸೂಚಿ, 18 ವಿಷಯಗಳು. ಆ ಪಟ್ಟಿಯಲ್ಲಿ ಭೂಬಳಕೆಯ ನಿಯಂತ್ರಣ, ಕೊಳೆಗೇರಿ ಸುಧಾರಣೆ, ನಗರ ಬಡತನ ನಿವಾರಣೆ ಈ ಮೂರೂ ಇವೆ. ಒಂದೇ ಜಾಗದಲ್ಲಿ ಈ ಮೂರೂ ಎದುರಾದರೆ ಏನಾಗುತ್ತದೆ? ಇದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ.

ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಪಾಲಿಕೆಗೆ ಸೇರಿದ ಸುಮಾರು 15 ಎಕರೆ ಜಾಗವಿದೆ. ಅಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆಂದು ಸುಮಾರು 1,500 ಮನೆಗಳ ವಸತಿ ಸಮುಚ್ಚಯ ಕಟ್ಟಲಾಗಿತ್ತು. ಕೆಲವು ಬ್ಲಾಕ್‌ಗಳು ಕುಸಿದವು, ಉಳಿದವನ್ನು ಕೆಡವಲಾಯಿತು. ಜನ ಅದೇ ಜಾಗದಲ್ಲಿ ತಗಡಿನ ಶೆಡ್‌ಗಳಲ್ಲಿ ಉಳಿದರು. ಖಾಸಗಿ ಸಹಭಾಗಿತ್ವದಲ್ಲಿ ಹೊಸ ಮನೆ ಕಟ್ಟಿಸಲು ಪಾಲಿಕೆ ಒಪ್ಪಂದ ಮಾಡಿಕೊಂಡಿತು: ಒಂದು ಭಾಗದಲ್ಲಿ ಬಡವರ ಮನೆ, ಇನ್ನೊಂದು ಭಾಗ ವಾಣಿಜ್ಯಕ್ಕೆ. 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಶೆಡ್‌ಗಳನ್ನು ತೆರವುಗೊಳಿಸಲಾಯಿತು. ಎಷ್ಟೋ ಕುಟುಂಬಗಳು ಆ ಜಾಗದ ಸುತ್ತಲಿನ ಫುಟ್‌ಪಾತ್‌ನಲ್ಲೇ ದಿನ ಕಳೆದವು.

ಇಲ್ಲಿ ಎರಡೂ ಕಡೆಯ ವಾದವನ್ನು ಕೇಳಬೇಕು. ಪಾಲಿಕೆಗೆ ಹಣವಿಲ್ಲ, ಖಾಸಗಿಯವರು ಬಂದರೆ ಮನೆಗಳಾದರೂ ಆಗುತ್ತವೆ ಎಂಬುದು ಒಂದು. ಮನೆ ಮಂಜೂರಾದವರೇ ಎಲ್ಲರೂ ಅಲ್ಲಿರಲಿಲ್ಲ, ಬಾಡಿಗೆಗೆ ಬಂದವರೂ ಕೊಂಡವರೂ ಇದ್ದರು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಬಡವರ ಮನೆಗೆಂದು ಮೀಸಲಿಟ್ಟ ಜಾಗದ ಒಂದು ಭಾಗ ವಾಣಿಜ್ಯಕ್ಕೆ ಹೋಗುವಾಗ ಅಲ್ಲಿ ಬದುಕುತ್ತಿದ್ದವರ ಮಾತಿಗೆ ಎಷ್ಟು ತೂಕ ಸಿಕ್ಕಿತು? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು.

ಈ ಪ್ರಶ್ನೆ ನಮ್ಮೂರಿಗೆ ಮಾತ್ರ ಸೇರಿದ್ದಲ್ಲ. ಲಂಡನ್ನಿನ ಹಳೆಯ ಹಡಗುಕಟ್ಟೆಗಳು ಮುಚ್ಚಿದ ಮೇಲೆ, 1981ರಲ್ಲಿ ಬ್ರಿಟನ್ ಸರ್ಕಾರ ಅಲ್ಲಿ ಒಂದು ಅಭಿವೃದ್ಧಿ ನಿಗಮ ಸ್ಥಾಪಿಸಿತು. ಆ ಪ್ರದೇಶದ ಯೋಜನಾ ಅನುಮತಿಯ ಅಧಿಕಾರ ಸ್ಥಳೀಯ ಕೌನ್ಸಿಲ್‌ಗಳ ಕೈತಪ್ಪಿ ನಿಗಮಕ್ಕೆ ಹೋಯಿತು. ಎತ್ತರದ ಕಚೇರಿಗಳು ಎದ್ದವು. ಕೆಲಸ ಕಳೆದುಕೊಂಡ ಹಡಗುಕಟ್ಟೆ ಕಾರ್ಮಿಕರ ಕುಟುಂಬಗಳು ಮಾತ್ರ, ನಮಗೆ ಕೈಗೆಟುಕುವ ಮನೆ ಎಲ್ಲಿ ಎಂದು ಕೇಳುತ್ತಲೇ ಇದ್ದವು.

ಕಾನೂನು ಏನು ಹೇಳುತ್ತದೆ? ಮುಂಬೈನ ಫುಟ್‌ಪಾತ್ ನಿವಾಸಿಗಳ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ, ಜೀವನೋಪಾಯದ ಹಕ್ಕು 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದಿತು. ಫುಟ್‌ಪಾತ್‌ನಲ್ಲಿ ನೆಲೆಸುವ ಹಕ್ಕನ್ನು ಅದು ಒಪ್ಪಲಿಲ್ಲ. ಆದರೆ ತೆರವಿಗೆ ಮುನ್ನ ಸಾಮಾನ್ಯವಾಗಿ ನೋಟಿಸ್ ಕೊಟ್ಟು ಜನರ ಮಾತು ಕೇಳಬೇಕು ಎಂದಿತು. ಇನ್ನು 243ಎಸ್ ವಿಧಿ, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎನ್ನುತ್ತದೆ. ಜನ ತಮ್ಮ ಮಾತು ಹೇಳಲು ಇದು ಅತಿ ಹತ್ತಿರದ ಬಾಗಿಲು.

ಆದರೆ ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ನಮ್ಮ ಅಲ್ಲಾಳಸಂದ್ರ ಈಗ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದೆ. ಬೋರ್ಡು ಬದಲಾದರೂ ಸಾರ್ವಜನಿಕ ಆಸ್ತಿಯ ಹೊಣೆ ಬದಲಾಗುವುದಿಲ್ಲ.

ಇಂಥ ಸುದ್ದಿ ಓದಿದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಜಾಗ ದಾಖಲೆಯಲ್ಲಿ ಯಾರದು? ಯಾವ ಉದ್ದೇಶಕ್ಕೆ ಮೀಸಲು? ಯಾವ ಸಭೆಯಲ್ಲಿ ತೀರ್ಮಾನವಾಯಿತು? ಅಲ್ಲಿರುವವರು ಕಾಮಗಾರಿ ಮುಗಿಯುವವರೆಗೆ ಎಲ್ಲಿರಬೇಕು?

ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಶುಲ್ಕ ಹತ್ತು ರೂಪಾಯಿ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ನಿಮ್ಮ ಬಡಾವಣೆಯ ಒಂದು ಸಾರ್ವಜನಿಕ ಜಾಗವನ್ನು ಆರಿಸಿಕೊಂಡು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಿ ತನ್ನಿ. ತರಗತಿಯಲ್ಲಿ ಒಟ್ಟಿಗೆ ಚರ್ಚಿಸೋಣ.