ಕತ್ತಿ ಹಿಡಿಯ ಒಳಬಾಗನ್ನು ನಯ ಮಾಡುವುದು ಹೇಗೆ?

ಊರಿನಿಂದ ತಂದ ಹಳೆಯ ಅಲಗಿಗೆ ಕೈಯಾರೆ ಮರದ ಹಿಡಿ ಹಾಕಿಕೊಳ್ಳುವ ಆಸೆ ಡೊಂಬಿವಲಿ, ಕಲ್ಯಾಣ, ಠಾಣೆಯ ಕನ್ನಡಿಗರಲ್ಲಿ ಹಲವರಿಗೆ ಇರಬಹುದು. ಹಿಡಿಯ ಒಟ್ಟು ಆಕಾರ ಹೇಗೋ ಬರುತ್ತದೆ. ಕೆಲಸ ಕೆಡುವುದು ತೋರುಬೆರಳು ಕೂರುವ ಸಣ್ಣ ಒಳಬಾಗಿನಲ್ಲಿ. ಅಲ್ಲಿ ಪಾಲಿಶ್ ಪೇಪರನ್ನು ಬೆರಳಿನಿಂದಲೇ ಒತ್ತಿ ಉಜ್ಜುತ್ತೇವೆ. ಬೆರಳು ಮೆತ್ತಗಿರುವುದರಿಂದ ಮರದ ಮೆದು ಎಳೆ ಬೇಗ ಸವೆಯುತ್ತದೆ, ಗಟ್ಟಿ ಎಳೆ ಉಬ್ಬಿ ನಿಲ್ಲುತ್ತದೆ, ಹಿತ್ತಾಳೆ ಮೊಳೆಯ ಸುತ್ತ ಗುಳಿ ಬೀಳುತ್ತದೆ.

ಮೊದಲು ಅಲಗಿಗೆ ರಟ್ಟು ಸುತ್ತಿ ಟೇಪ್ ಹಾಕಿ. ವೈಸ್‌ನ ಎರಡು ದವಡೆಗೂ ಮರದ ತುಂಡು ಕೊಟ್ಟು ಬಿಗಿಯಿರಿ. ಅರ್ಧದುಂಡು ಅರದಿಂದ ಬಾಗನ್ನು ತಿದ್ದುವಾಗ ಎರಡೂ ದಡಗಳಿಂದ ತಳದ ಕಡೆಗೇ ತಳ್ಳಬೇಕು. ತಳದಿಂದ ಮೇಲಕ್ಕೆ ತಳ್ಳಿದರೆ ಎಳೆ ಕಿತ್ತುಬರುತ್ತದೆ.

ಇನ್ನು ಪೇಪರನ್ನು ಗಟ್ಟಿಯಾದ ದುಂಡು ವಸ್ತುವಿಗೆ ಸುತ್ತಿ: ಪೆನ್ಸಿಲ್, ಬೋಲ್ಟ್, ಪಿವಿಸಿ ಪೈಪಿನ ತುಂಡು, ಯಾವುದಾದರೂ ಸರಿ. ಅದು ಬಾಗಿಗಿಂತ ತುಸು ಸಣ್ಣದಿರಲಿ. ಅಳತೆಗೆ ಸರಿಯಾಗಿ ಕೂತರೆ ಅತ್ತಿತ್ತ ಆಡಿಸಲು ಜಾಗವೇ ಇರದೆ ಅದರ ಗೆರೆ ಮರದಲ್ಲಿ ಕೊರೆದುಕೊಳ್ಳುತ್ತದೆ. ಪೇಪರಿನ ನಂಬರಿನಲ್ಲಿ 80, 120, 180, 240, 320, ಈ ಕ್ರಮದಲ್ಲಿ ಸಾಗಿ. ನಂಬರು ಹಾರಿಸಿ ಉಳಿಸಿದ ಸಮಯವೆಲ್ಲ ಕೊನೆಗೆ ಹಳೆಯ ಗೀರು ತೆಗೆಯುವುದಕ್ಕೇ ಹೋಗುತ್ತದೆ.

ಪ್ರತಿ ನಂಬರಿಗೂ ಮುನ್ನ ಬಾಗಿನ ತುಂಬ ಪೆನ್ಸಿಲ್ಲಿನಿಂದ ತೆಳುವಾಗಿ ಗೀಚಿ. ಆ ಗೀಚು ಪೂರ್ತಿ ಹೋಗುವವರೆಗೆ ಉಜ್ಜಿ. ತಳದಲ್ಲಿ ಮಸಿ ಉಳಿದಿದ್ದರೆ ಪೇಪರು ಅಲ್ಲಿಗೆ ಮುಟ್ಟಿಲ್ಲ ಎಂದೇ ಅರ್ಥ. ಒಂದು ನಂಬರಿಗೆ ಎಡಕ್ಕೆ ಓರೆಯಾಗಿ ಉಜ್ಜಿದ್ದರೆ ಮುಂದಿನದಕ್ಕೆ ಬಲಕ್ಕೆ ಓರೆ. ಆಮೇಲೆ ಮೊಬೈಲಿನ ಬೆಳಕನ್ನು ಪಕ್ಕದಿಂದ ಬಿಡಿ. ಎದುರು ಬೆಳಕಿನಲ್ಲಿ ಕಾಣದ ಗೀರುಗಳು ಆಗ ಎದ್ದು ಕಾಣುತ್ತವೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇನ್ನೊಂದಿಲ್ಲ. ಕೊನೆಯ ಉಜ್ಜು ಮಾತ್ರ ಎಳೆಯ ಉದ್ದಕ್ಕೇ ಇರಲಿ.

ಹಿಡಿಯ ಹೊರದುಂಡಿಗೆ ಎಮರಿ ಬಟ್ಟೆಯ ಪಟ್ಟಿ ಸಾಕು, ಎರಡೂ ತುದಿ ಹಿಡಿದು ಎಳೆದಾಡಿಸಿ. ಒಳಬಾಗಿಗೆ ಅದನ್ನು ಬಳಸಬೇಡಿ: ಪಟ್ಟಿ ತಳ ಮುಟ್ಟದೆ ಅಂಚನ್ನೇ ತಿನ್ನುತ್ತದೆ.

240 ಮುಗಿದಾಗ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಎದ್ದ ನಾರನ್ನು 320ರಿಂದ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೇವದಲ್ಲಿ ಮರ ಒಣಗುವುದು ನಿಧಾನ, ಅವಸರ ಬೇಡ. ಹಳೆಯ ಹಿಡಿಯನ್ನೇ ನಯ ಮಾಡುತ್ತಿದ್ದು, ಅದರಲ್ಲಿ ಅಲಗಿನ ಬಾಲವನ್ನು ಅರಗಿನಿಂದ ಕೂರಿಸಿದ್ದರೆ ಉಜ್ಜುವ ಮಷಿನ್ ಹಚ್ಚಲೇಬೇಡಿ, ಬಿಸಿಗೆ ಅರಗು ಮೆತ್ತಗಾಗುತ್ತದೆ. ಬೀಟೆ ಮರದ ದೂಳು ಕೆಲವರ ಚರ್ಮಕ್ಕೆ, ಉಸಿರಿಗೆ ಆಗುವುದಿಲ್ಲ. ನವಿ ಮುಂಬಯಿಯ ಸಣ್ಣ ಫ್ಲ್ಯಾಟಿನಲ್ಲಿದ್ದರೆ ಬಾಲ್ಕನಿಯಲ್ಲಿ ಕೂತು, ಎನ್95 ಮಾಸ್ಕ್ ಹಾಕಿಕೊಂಡೇ ಉಜ್ಜಿ.

ಕೊನೆಗೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ. ತೆಂಗಿನೆಣ್ಣೆ ಗಟ್ಟಿಯಾಗುವುದಿಲ್ಲ, ಕಮಟುತ್ತದೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ, ಇಲ್ಲವೆ ಗಾಳಿಯಲ್ಲಿ ಹರಡಿ ಪೂರ್ತಿ ಒಣಗಿಸಿದ ಮೇಲೆಯೇ ಕಸಕ್ಕೆ ಹಾಕಿ.