ಟ್ರ್ಯಾಕ್ಟರಿನ ಸೆಲ್ಫ್ ಕೆಟ್ಟರೆ: ಹೊಸದು ಕೊಳ್ಳುವ ಮೊದಲು ಬಿಚ್ಚಿ ನೋಡಿರಿ



ಹೊರ್ತಿ ಸುತ್ತಿನ ಎರೆಹೊಲಗಳಲ್ಲಿ ಹಿಂಗಾರಿ ಬಿತ್ತಿಗೆಯ ಹದ ಬಹಳ ದಿನ ನಿಲ್ಲುವದಿಲ್ಲ. ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತಬೇಕೆಂದು ಮುಂಜಾನೆ ಟ್ರ್ಯಾಕ್ಟರ್ ಹತ್ತಿ ಚಾವಿ ತಿರುವಿದಾಗ ಬರೇ ‘ಟಕ್’ ಎಂದು ಸುಮ್ಮನಾದರೆ ಆ ದಿನದ ಕೆಲಸ ಕೆಟ್ಟಂತೆಯೇ. “ಸೆಲ್ಫ್ ಹೋಯಿತು, ಹೊಸದು ಹಾಕಿಸು” ಎಂಬ ಸಲಹೆ ಕೂಡಲೇ ಬರುವದು. ಹೊಸದಕ್ಕೆ ಸಾವಿರಾರು ರೂಪಾಯಿ ಬೇಕು. ಆದರೆ ಅನೇಕ ಸಲ ಕೆಟ್ಟಿರುವದು ಇಡೀ ಸೆಲ್ಫ್ ಅಲ್ಲ. ಹಾವಸೆ ಹಿಡಿದ ಟರ್ಮಿನಲ್ಲೋ ಸವೆದ ಕಾರ್ಬನ್ನೋ ಅಷ್ಟೇ. ಕಾರು, ಜೀಪುಗಳಿಗೂ ಈ ಪಾಠ ಸಲ್ಲುವದು. ವಾರಂಟಿ ಮುಗಿಯದ ಗಾಡಿಯನ್ನು ಮಾತ್ರ ತಾವು ಬಿಚ್ಚಬಾರದು.

ಕೆಲಸ ಮಾಡುವ ಬಗೆ

ಹಿಂದಿನ ಗಾಡಿಗಳನ್ನು ಕೈಯಿಂದ ಹ್ಯಾಂಡಲ್ ತಿರುವಿ ಚಾಲೂ ಮಾಡುತ್ತಿದ್ದರು. ಹ್ಯಾಂಡಲ್ ತಿರುಗಿ ಹೊಡೆದು ಎಷ್ಟೋ ಜನರ ಕೈ ಮುರಿಯುತ್ತಿತ್ತು. ಅಮೇರಿಕೆಯ ಚಾರ್ಲ್ಸ್ ಕೆಟರಿಂಗ್ ಎಂಬ ಇಂಜಿನಿಯರು ಸಿದ್ಧಪಡಿಸಿದ ವಿದ್ಯುತ್ ಸೆಲ್ಫ್ ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಅಪಾಯ ಕಡಿಮೆಯಾಗುತ್ತ ಬಂದಿತು.

ಚಾವಿ ತಿರುವಿದಾಗ ಸ್ವಲ್ಪ ಕರೆಂಟು ಸೊಲಿನಾಯ್ಡಿಗೆ ಹೋಗುವದು. ಅದು ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿಯನ್ನು ಮುಂದೆ ತಳ್ಳಿ ಇಂಜಿನ್ನಿನ ಫ್ಲೈವ್ಹೀಲಿಗೆ ಕೂಡಿಸುವದು. ಅದೇ ಹೊತ್ತಿಗೆ ಬ್ಯಾಟರಿಯ ದೊಡ್ಡ ಕರೆಂಟನ್ನು ಮೋಟಾರಿಗೆ ಬಿಡುವದು. ಈ ಕರೆಂಟು ನೂರಾರು ಆಂಪಿಯರ್ ಇರುವದರಿಂದ ದಾರಿಯಲ್ಲಿ ಎಲ್ಲಿ ಹೊಲಸು, ಸಡಿಲು ಇದ್ದರೂ ಸೆಲ್ಫ್ ಸೋಲುವದು.

ಮೊದಲು ಹೊರಗಿನ ಪರೀಕ್ಷೆ

ಗೇರು ನ್ಯೂಟ್ರಲ್ಲಿನಲ್ಲಿರಲಿ, ಗಾಲಿಗಳಿಗೆ ಕಲ್ಲು ಕೊಡಿರಿ. ಹೆಡ್‌ಲೈಟ್ ಹಾಕಿ ಒಬ್ಬರು ಸೀಟಿನಲ್ಲಿ ಕುಳಿತು ಚಾವಿ ತಿರುವಲಿ, ಇನ್ನೊಬ್ಬರು ದೀಪ ನೋಡಲಿ.

೧. ದೀಪ ತೀರ ಮಂದವಾಗಿ, ‘ಟಕಟಕ’ ಸಪ್ಪಳ ಬಂದರೆ: ಬ್ಯಾಟರಿ ಸೋತಿರಬೇಕು, ಇಲ್ಲವೆ ಟರ್ಮಿನಲ್ ಕೆಟ್ಟಿರಬೇಕು. ಪೂರ್ತಿ ಚಾರ್ಜಾದ ೧೨ ವೋಲ್ಟಿನ ಬ್ಯಾಟರಿ ಮೀಟರಿನಲ್ಲಿ ಸುಮಾರು ೧೨.೬ ತೋರಿಸುವದು. ಸೆಲ್ಫ್ ಹೊಡೆಯುವಾಗ ಅದು ೯.೬ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿಯನ್ನೇ ಪರೀಕ್ಷೆ ಮಾಡಿಸಿರಿ.

೨. ದೀಪ ಮಂದವಾಗದೆ ಸೆಲ್ಫ್ ಮಾತ್ರ ತಿರುಗದಿದ್ದರೆ: ಕರೆಂಟು ಮೋಟಾರಿನೊಳಗೆ ಹೋಗುತ್ತಿಲ್ಲ. ಕ್ಲಚ್ಚಿನ ಸುರಕ್ಷಾ ಸ್ವಿಚ್, ಸೊಲಿನಾಯ್ಡ್, ಕಾರ್ಬನ್ ಈ ಮೂರನ್ನು ನೋಡಬೇಕು.

೩. ಮೋಟಾರು ‘ಗುಂಯ್’ ಎಂದು ಬರೇ ತಿರುಗಿ ಇಂಜಿನ್ ತಿರುಗದಿದ್ದರೆ: ಪಿನಿಯನ್ನಿನ ದೋಷ.

ಟರ್ಮಿನಲ್ಲಿನ ಹಾವಸೆಯನ್ನು ನೀರಿನಲ್ಲಿ ಕಲಿಸಿದ ಅಡಿಗೆ ಸೋಡಾದಿಂದ ತೊಳೆದು, ಒರೆಸಿ, ಬಿಗಿ ಮಾಡಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಬೀಳಬಾರದು. ಇಂಜಿನ್ನಿಗೂ ಚಾಸಿಗೂ ಕೂಡಿದ ಅರ್ಥ್ ತಂತಿಯನ್ನೂ ಹೀಗೆಯೇ ಹಸನು ಮಾಡಿರಿ. ಎಷ್ಟೋ ಗಾಡಿಗಳು ಇಷ್ಟರಿಂದಲೇ ಚಾಲೂ ಆಗುವವು. ಬ್ಯಾಟರಿಯ ಹತ್ತಿರ ಬೀಡಿ ಹಚ್ಚಬಾರದು. ಅದರಿಂದ ಹೊರಡುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುವದು.

ಬಿಚ್ಚಿ ನೋಡುವ ಕ್ರಮ

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ತೆಗೆಯಿರಿ. ಜೋಡಿಸುವಾಗ ಅದನ್ನೇ ಕೊನೆಗೆ ಹಾಕಿರಿ. ಸೆಲ್ಫ್ ಬಿಚ್ಚುವ ಮೊದಲು ಅದರ ಮೈಮೇಲೆ ಗೆರೆ ಎಳೆದುಕೊಂಡರೆ ಮರಳಿ ಕೂಡಿಸುವದು ಸುಲಭ. ತೆಗೆದ ಭಾಗಗಳನ್ನು ಪರಾತದಲ್ಲಿ ಸಾಲಾಗಿ ಇಡಿರಿ.

ಕಾರ್ಬನ್: ಅರ್ಧದಷ್ಟು ಸವೆದಿದ್ದರೆ ಬದಲಿಸಿರಿ. ಅದೇ ಅಳತೆಯದನ್ನೇ ತರಬೇಕು. ಅದನ್ನು ಒತ್ತುವ ಸ್ಪ್ರಿಂಗ್ ಬಿಗಿಯಾಗಿದೆಯೋ, ಕಾರ್ಬನ್ ತನ್ನ ಮನೆಯಲ್ಲಿ ಸರಾಗವಾಗಿ ಸರಿದಾಡುವದೋ ನೋಡಿರಿ.

ಕಮ್ಯುಟೇಟರ್: ಕಾರ್ಬನ್ ತಾಗುವ ತಾಮ್ರದ ಭಾಗ ಇದು. ಕಪ್ಪಾಗಿದ್ದರೆ ನಯವಾದ ಗಾಜುಕಾಗದದಿಂದ ಸುತ್ತಲೂ ಉಜ್ಜಿ, ಪಟ್ಟಿಗಳ ನಡುವಿನ ಪುಡಿಯನ್ನು ಕೆದರಿ ತೆಗೆಯಿರಿ. ಎಮರಿ ಕಾಗದ ಬೇಡ. ಅದರ ಪುಡಿ ಪಟ್ಟಿಗಳ ನಡುವೆ ಉಳಿದು ಕೇಡು ಮಾಡುವದು.

ಆರ್ಮೇಚರ್: ಬ್ಯಾಟರಿಗೆ ಸಣ್ಣ ಬಲ್ಬನ್ನು ಕೂಡಿಸಿ, ಒಂದು ತಂತಿಯನ್ನು ಕಮ್ಯುಟೇಟರಿಗೂ ಇನ್ನೊಂದನ್ನು ದಂಡಕ್ಕೂ ಮುಟ್ಟಿಸಿರಿ. ಬಲ್ಬು ಹತ್ತಬಾರದು. ಹತ್ತಿದರೆ, ಅಥವಾ ಸುತ್ತು ಸುಟ್ಟು ನಾರುತ್ತಿದ್ದರೆ, ಮನೆಯ ರಿಪೇರಿಯ ಮಾತು ಅಲ್ಲಿಗೆ ಮುಗಿಯಿತು.

ಬುಷ್: ದಂಡ ಅತ್ತಿತ್ತ ಅಲುಗಾಡಿದರೆ ಬುಷ್ ಸವೆದಿದೆ. ಹಾಗೆಯೇ ಬಿಟ್ಟರೆ ಆರ್ಮೇಚರ್ ಒಳಗೋಡೆಗೆ ಉಜ್ಜಿ ಹಾಳಾಗುವದು. ಬುಷ್ ಕೂಡಿಸುವದನ್ನು ಲೇಥ್ ಇದ್ದವರಿಂದ ಮಾಡಿಸುವದು ಒಳ್ಳೆಯದು.

ಪಿನಿಯನ್: ಒಂದೇ ಕಡೆಗೆ ತಿರುಗಬೇಕು. ಎರಡೂ ಕಡೆಗೆ ತಿರುಗಿದರೆ ಬದಲಿಸಿರಿ. ಅದನ್ನು ಡೀಝೆಲ್ಲಿನಲ್ಲಿ ಅದ್ದಿ ತೊಳೆಯಬಾರದು. ಒಳಗಿನ ಗ್ರೀಸ್ ಕರಗಿ ಹೋಗುವದು.

ಮರಳಿ ಕೂಡಿಸುವಾಗ ಸೆಲ್ಫ್ ಇಂಜಿನ್ನಿಗೆ ತಾಗುವ ಜಾಗವನ್ನು ತಿಕ್ಕಿ ಹಸನು ಮಾಡಿರಿ; ಕರೆಂಟು ಹಿಂದಿರುಗುವ ದಾರಿ ಅದೇ. ಚಾಲೂ ಮಾಡುವಾಗ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಸೆಲ್ಫ್ ಹೊಡೆಯದೆ, ನಡುವೆ ಒಂದೆರಡು ನಿಮಿಷ ಬಿಡಿರಿ.

ಸ್ಕ್ರೂಡ್ರೈವರಿನ ಅಡ್ಡದಾರಿ ಬೇಡ

ಸೆಲ್ಫ್ ಹೊಡೆಯದಿದ್ದಾಗ ಕೆಲವರು ನೆಲದ ಮೇಲೆ ನಿಂತು, ಸೊಲಿನಾಯ್ಡಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಾಲೂ ಮಾಡುವರು. ಹೀಗೆ ಮಾಡಿದಾಗ ಸುರಕ್ಷಾ ಸ್ವಿಚ್ ಇದ್ದೂ ಇಲ್ಲದಂತೆ. ಟ್ರ್ಯಾಕ್ಟರ್ ಗೇರಿನಲ್ಲಿದ್ದರೆ ಆ ಕ್ಷಣವೇ ಮುಂದೆ ಹಾಯುವದು. ನಿಂತವನು ದೊಡ್ಡ ಗಾಲಿಯ ಎದುರಿಗೇ ಇರುತ್ತಾನೆ. ಓಡಲು ಹೊತ್ತಿರುವದಿಲ್ಲ. ಜಗತ್ತಿನ ಅನೇಕ ದೇಶಗಳಲ್ಲಿ ರೈತರು ಹೀಗೆಯೇ ಸತ್ತಿದ್ದಾರೆ. ಕೈ ಮುರಿಯದಿರಲೆಂದು ಬಂದ ಯಂತ್ರದಿಂದ ಜೀವ ಕಳೆದುಕೊಳ್ಳಬಾರದು. ಒಂದು ದಿನದ ಹದ ತಪ್ಪಿದರೂ ಬಾಡಿಗೆ ಟ್ರ್ಯಾಕ್ಟರ್ ತಂದು ಬಿತ್ತಬಹುದು. ಯಾವಾಗಲೂ ಸೀಟಿನಲ್ಲಿ ಕುಳಿತೇ ಚಾಲೂ ಮಾಡಿರಿ. ಮನೆಯ ಹುಡುಗರಿಗೂ ಆಳುಗಳಿಗೂ ಇದನ್ನು ತಿಳಿಸಿ ಹೇಳಿರಿ.

ಓದಿದ ಮೇಲೆ ಉತ್ತರಿಸಿರಿ

೧. ಹೆಡ್‌ಲೈಟ್ ಮಂದವಾದರೆ ಮೊದಲು ಏನನ್ನು ನೋಡಬೇಕು?
೨. ಯಾವ ತಂತಿಯನ್ನು ಮೊದಲು ತೆಗೆಯಬೇಕು? ಅದನ್ನು ಮರಳಿ ಯಾವಾಗ ಹಾಕಬೇಕು?
೩. ಕಮ್ಯುಟೇಟರಿಗೆ ಎಮರಿ ಕಾಗದ ಏಕೆ ಬೇಡ?
೪. ನೆಲದ ಮೇಲೆ ನಿಂತು ಟ್ರ್ಯಾಕ್ಟರ್ ಚಾಲೂ ಮಾಡಬಾರದೇಕೆ?