ತಾಯಿಯಾಗುವವಳ ಹೃದಯ

ನಿಮ್ಮ ಮುಷ್ಟಿಯನ್ನು ಬಿಗಿಹಿಡಿದು ನೋಡಿರಿ. ಎದೆಗೂಡಿನೊಳಗೆ, ಎರಡು ಶ್ವಾಸಕೋಶಗಳ ನಡುವೆ, ತುಸು ಎಡಕ್ಕೆ ವಾಲಿಕೊಂಡಿರುವ ಹೃದಯವು ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು. ಅದರ ತೂಕ ಸುಮಾರು 300 ಗ್ರಾಂ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ನಿಮಿಷಕ್ಕೆ ಸುಮಾರು 72 ಸಲ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರದೂಡುತ್ತದೆ. ಹೀಗೆ ಒಂದು ಹಗಲು, ಒಂದು ರಾತ್ರಿಯಲ್ಲಿ ಸಾಗುವ ರಕ್ತವನ್ನು 15 ಲೀಟರ್ ಹಿಡಿಯುವ ಕೊಡದಿಂದ ಅಳೆದರೆ ಸುಮಾರು 480 ಕೊಡಗಳಾಗುತ್ತವೆ! ದಿನಕ್ಕೆ ಹತ್ತು ಕೊಡ ನೀರು ಸೇದಿ ಹೊರುವ ಗೃಹಿಣಿಗೆ ಈ ಶ್ರಮವೆಷ್ಟೆಂದು ವಿವರಿಸಬೇಕಾಗಿಲ್ಲ.

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ದೇಹವನ್ನೆಲ್ಲ ಸುತ್ತಿ ಬಂದ ರಕ್ತವನ್ನು ಬಲಭಾಗವು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದು ಮರಳಿದ ರಕ್ತವನ್ನು ಎಡಭಾಗವು ಇಡೀ ದೇಹಕ್ಕೆ ಹಂಚುತ್ತದೆ. ರಕ್ತವು ಹಿಂದಕ್ಕೆ ಹರಿಯದಂತೆ ಒಂದೇ ದಿಕ್ಕಿಗೆ ತೆರೆಯುವ ಕವಾಟಗಳಿವೆ. ವೈದ್ಯರು ಕೊಳವೆಯಿಟ್ಟು ಆಲಿಸುವ ‘ಲಬ್-ಡಬ್’ ಎಂಬ ಸದ್ದು ಈ ಕವಾಟಗಳು ಮುಚ್ಚಿಕೊಳ್ಳುವಾಗ ಉಂಟಾಗುವಂಥದು.

ಹೃದಯಕ್ಕೆ ವಿಶ್ರಾಂತಿಯೇ ಇಲ್ಲವೆಂಬುದು ರೂಢಿಯ ಮಾತು. ಅದು ಪೂರ್ತಿ ಸತ್ಯವಲ್ಲ. ಒಂದು ಮಿಡಿತಕ್ಕೆ ತಗಲುವ 0.8 ಸೆಕೆಂಡಿನಲ್ಲಿ ಹೃತ್ಕುಕ್ಷಿಗಳು ಸಂಕುಚಿತವಾಗಿರುವುದು ಸುಮಾರು 0.3 ಸೆಕೆಂಡು ಮಾತ್ರ. ಉಳಿದ ಅವಧಿಯಲ್ಲಿ ಅವು ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುತ್ತವೆ. ನಾಡಿಯು ತೀವ್ರವಾದಂತೆ ಹೆಚ್ಚಾಗಿ ಮೊಟಕಾಗುವುದು ಈ ವಿರಾಮವೇ.

ಗರ್ಭಿಣಿಯ ವಿಷಯದಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ಬಸುರಿನಲ್ಲಿ ಹೃದಯವು ನಿಮಿಷಕ್ಕೆ ಸಾಗಿಸುವ ರಕ್ತವು ಶೇಕಡ 30ರಿಂದ 50ರಷ್ಟು ಹೆಚ್ಚುತ್ತದೆ. ಆರೋಗ್ಯವಂತ ಹೃದಯವು ಈ ಹೊರೆಯನ್ನು ಹೊರಬಲ್ಲದು. ಆದರೆ ರಕ್ತಹೀನತೆಯಿದ್ದರೆ, ರಕ್ತವು ಒಯ್ಯುವ ಆಮ್ಲಜನಕ ಕಡಿಮೆಯಾದುದರಿಂದ, ಹೃದಯವು ಇನ್ನೂ ವೇಗವಾಗಿ ದುಡಿಯಬೇಕಾಗುತ್ತದೆ. ಕಬ್ಬಿಣಾಂಶದ ಗುಳಿಗೆಗಳನ್ನು ಪಡೆದು ಗೂಡಿನಲ್ಲಿ ಇಟ್ಟರೆ ಸಾಲದು, ನುಂಗಬೇಕು.

ಬಾಲ್ಯದಲ್ಲಿ ಗಂಟಲುನೋವು ಬಂದು, ಎರಡು ಮೂರು ವಾರಗಳ ತರುವಾಯ ಜ್ವರದೊಡನೆ ಕೀಲುಗಳು ಒಂದಾದ ಮೇಲೊಂದು ಊದಿಕೊಂಡದ್ದುಂಟೆ? ಅದು ಸಂಧಿವಾತ ಜ್ವರವಾಗಿದ್ದಿರಬಹುದು. ಕೀಲುನೋವು ಮಾಯವಾದರೂ ಆ ಜ್ವರವು ಕೆಲವರಲ್ಲಿ ಎಡಗಡೆಯ ಕವಾಟವನ್ನು ಕಿರಿದಾಗಿಸುತ್ತದೆ. ಅಂಥ ಹೆಣ್ಣುಮಗಳು ಮದುವೆಯಾಗುವವರೆಗೂ ಲಕ್ಷಣವೇ ಇಲ್ಲದೆ ಓಡಾಡಿಕೊಂಡಿರಬಹುದು. ಬಸುರಿಯಾದಾಗ ನಾಡಿಯು ತೀವ್ರವಾಗಿ ವಿರಾಮವು ಕುಗ್ಗುತ್ತದೆ. ಕಿರಿದಾದ ಬಾಗಿಲಿನಿಂದ ರಕ್ತವು ಸಕಾಲದಲ್ಲಿ ಇಳಿಯದೆ ಶ್ವಾಸಕೋಶಗಳಲ್ಲಿ ತಡೆಹಿಡಿದಂತೆ ನಿಲ್ಲುತ್ತದೆ.

“ಬಸುರಿಗೆ ಏದುಸಿರು ಸಹಜ” ಎಂದು ಹಿರಿಯರು ಹೇಳುವುದು ತಕ್ಕಮಟ್ಟಿಗೆ ನಿಜ. ಆದರೆ ಅಂಗಾತ ಮಲಗಲು ಆಗದಿರುವುದು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂಡುವುದು, ಕಫದಲ್ಲಿ ರಕ್ತ ಕಾಣುವುದು ಸಹಜವಲ್ಲ. ಪತಿಯು ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾಲ್ಯದ ಆ ಜ್ವರದ ಸಂಗತಿಯನ್ನು ಮೊದಲ ತಪಾಸಣೆಯಲ್ಲಿಯೇ ತಿಳಿಸಿರಿ. ಮದುವೆಗೆ ಮುಂಚಿನ ಕಾಯಿಲೆಯನ್ನು ಅತ್ತೆಮನೆಯಲ್ಲಿ ಮುಚ್ಚಿಡುವ ಪದ್ಧತಿಯಿಂದ ಎಷ್ಟೋ ಅನರ್ಥಗಳಾಗಿವೆ.

ಹೆರಿಗೆಯಾದೊಡನೆ ಗರ್ಭಕೋಶವು ಕುಗ್ಗಿ, ಅಲ್ಲಿದ್ದ ರಕ್ತವು ಒಮ್ಮೆಗೇ ಹೃದಯಕ್ಕೆ ಮರಳುತ್ತದೆ. ಆದ್ದರಿಂದ ಹೃದ್ರೋಗವಿರುವವರ ಹೆರಿಗೆಯು ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು. ಮುಂದೆ ಮಕ್ಕಳು ಬೇಡವೆಂದು ದಂಪತಿಗಳು ನಿಶ್ಚಯಿಸಿದರೆ ಪತಿಯೇ ಸಂತಾನಶಕ್ತಿಹರಣ ಚಿಕಿತ್ಸೆಗೆ ಮುಂದಾಗಬಹುದು. ಆ ಜಾಗವನ್ನಷ್ಟೇ ಮರಗಟ್ಟಿಸಿ ಅದನ್ನು ಮಾಡುತ್ತಾರೆ. ಅಂದೇ ಮನೆಗೆ ಮರಳಬಹುದು. ಮೂರು ತಿಂಗಳವರೆಗೆ ನಿರೋಧ್ ಬಳಸಿ, ಆಮೇಲೆ ವೀರ್ಯಪರೀಕ್ಷೆ ಮಾಡಿಸಿಕೊಳ್ಳಬೇಕು. ಪತ್ನಿಯ ಹೃದಯಕ್ಕೆ ಇದರಿಂದ ಯಾವ ಹೊರೆಯೂ ಬೀಳದು.